ಅತ್ತೆಯ ಹಲ್ಲು, ಅಳಿಯನ ಡಿಸ್ಕು

ಆ ಸ್ಟುಡಿಯೋದಲ್ಲಿ ಎಲ್ಲರೂ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದರು. ಯಜಮಾನರಿಂದ ಹಿಡಿದು ಕೆಳಗಿನ ಚಪ್ಪಲಿ ಅಂಗಡಿಯವನವರೆಗೆ ಎಲ್ಲರಿಗೂ ಅವರು ಅತ್ತೆಯೇ. ಆದರೆ ಮಗಳನ್ನು ಕೊಟ್ಟು ಅತ್ತೆಯಾಗಿದ್ದು ಒಬ್ಬನಿಗೆ ಮಾತ್ರ, ಅಲ್ಲಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವನಿಗೆ. ಅವನನ್ನು ಆ ಕೆಲಸಕ್ಕೆ ಸೇರಿಸಿದ್ದೂ ಅವರೇ. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೆ ಮೆಟ್ಟಿಲು ಹತ್ತುವ ತನಕ ಮಾತ್ರ. ಮೇಲೆ ಬಂದರೆ ಅವನು ಎಲ್ಲರಿಗೂ ಅಳಿಯ. ಅಳಿಯ, ಪ್ರಿಂಟರ್ ನಿಂತಿದೆ. ಅಳಿಯ, ನನ್ನ ಪಾಸ್‌ವರ್ಡ್ ಮರೆತುಹೋಯ್ತು. ಬೇರೆಯವರ ಮನೆಯಲ್ಲಿ ಅಳಿಯನಿಗೆ ಮಣೆ ಹಾಕಿ ಕೂರಿಸುತ್ತಾರಂತೆ. ಇವನಿಗೆ ಇಲ್ಲಿ ಮೇಜಿನ ಕೆಳಗೆ ತೂರಿ ವೈರು ಹುಡುಕುವುದೇ ಮರ್ಯಾದೆ.

ಅಲ್ಲಿ ನಡೆಯುತ್ತಿದ್ದ ಕೆಲಸ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವುದು. ಬಸ್ಸಿನಲ್ಲಿ ನೇತಾಡುವವರು, ಪಾತ್ರೆ ತೊಳೆಯುವವರು, ಕಣ್ಣು ಮಂಜಾದವರು, ನಿದ್ದೆ ಬಾರದವರು ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಾರಲ್ಲ, ಅಂಥ ಪುಸ್ತಕಗಳು. ಓದುವವರು ಕೆಲವರಿದ್ದರು, ಅವರಲ್ಲಿ ಅತ್ತೆಯೂ ಒಬ್ಬರು. ಉಳಿದವರೆಲ್ಲ ಒಂದು ವಾಕ್ಯ ಓದಿ ನಿಲ್ಲುತ್ತಾರೆ, ಕೆಮ್ಮುತ್ತಾರೆ, ನೀರು ಕುಡಿಯುತ್ತಾರೆ, ಇನ್ನೊಂದು ಸಲ ತೆಗೆದುಕೊಳ್ಳೋಣ ಎನ್ನುತ್ತಾರೆ. ಅತ್ತೆ ಹಾಗಲ್ಲ. ಒಂದನೇ ಕೋಣೆಯ ಮೆತ್ತನೆಯ ಗೋಡೆಗಳ ನಡುವೆ ಕೂತು, ಕನ್ನಡಕ ಒರೆಸಿ, ಕೆಂಪು ದೀಪ ಹತ್ತಿದ್ದೇ ತಡ ಶುರು ಮಾಡಿದರೆ ಅಧ್ಯಾಯ ಮುಗಿದ ಮೇಲೆಯೇ ತಲೆ ಎತ್ತುವುದು. ಮಧ್ಯದಲ್ಲಿ ಒಂದು ತೊಡರಿಲ್ಲ, ಒಂದು ತಪ್ಪಿಲ್ಲ. ಗಂಡ ತೀರಿಕೊಂಡ ಮೇಲೆ ಅವರು ಮಗಳನ್ನು ಬೆಳೆಸಿದ್ದು ಆ ಗಂಟಲಿನಿಂದಲೇ. ನಡುವೆ ನಿಲ್ಲಿಸದೆ ಓದುವುದು ಅವರ ಹೆಮ್ಮೆಯಾಗಿತ್ತು, ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ.

ಈಗ ಡಿಸ್ಕಿನ ವಿಷಯಕ್ಕೆ ಬರೋಣ. ಎಲ್ಲ ಕೋಣೆಗಳ ಧ್ವನಿಯೂ ಹೋಗಿ ಸೇರುತ್ತಿದ್ದದ್ದು ಒಂದೇ ಪೆಟ್ಟಿಗೆಗೆ. ಕೋಣೆಗಳ ನಡುವಿನ ಓಣಿಯಲ್ಲಿ, ಮೊದಲು ಪೊರಕೆ ಇಡುತ್ತಿದ್ದ ಗೂಡಿನಲ್ಲಿ, ಅದು ಗುಂಯ್ ಎನ್ನುತ್ತ ಕೂತಿರುತ್ತಿತ್ತು. ಹಳೆಯ ಡಿಸ್ಕಿಗೆ ವಯಸ್ಸಾದಾಗ ಹೊಸದು ತರಬೇಕಾಯಿತು. ಅಳಿಯ ಮೂರು ದಿನ ಓದಿ, ವಿಚಾರಿಸಿ, ಇಂಥದ್ದೇ ತನ್ನಿ ಎಂದು ಹೇಳಿದ. ಯಜಮಾನರು ತಲೆಯಾಡಿಸಿ, ಹೋಗಿ, ತಮ್ಮ ಭಾವಮೈದನ ಅಂಗಡಿಯಿಂದ ಬೇರೆಯದನ್ನು ತಂದರು. ಯಜಮಾನರ ಭಾವಮೈದನ ಬಾಯಿಂದ ಬಂದದ್ದು ಆ ಸ್ಟುಡಿಯೋದಲ್ಲಿ ಕಲ್ಲಿನ ಮೇಲೆ ಕೊರೆದಂತೆ. ಇದಕ್ಕಿಂತ ಗಟ್ಟಿ ಡಿಸ್ಕು ಇನ್ನೊಂದಿಲ್ಲ, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಎಂದು ಅವನು ಅಳಿಯನ ಭುಜ ತಟ್ಟಿ ಹೇಳಿಹೋದ. ತಟ್ಟಿದ ಭುಜ ಅಳಿಯನಿಗೆ ಸಂಜೆಯವರೆಗೂ ಉರಿಯಿತು.

ಒಳ್ಳೆಯ ಮನುಷ್ಯನೇ ನಮ್ಮ ಅಳಿಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನಿಗೊಂದು ಚಟವಿತ್ತು. 'ನಾನು ಆವತ್ತೇ ಹೇಳಿರಲಿಲ್ವಾ' ಎಂಬ ಮಾತನ್ನು ಹೇಳುವ ಅವಕಾಶಕ್ಕಾಗಿ ಅವನು ಊಟ ಬಿಟ್ಟಾದರೂ ಕಾಯುತ್ತಿದ್ದ. ಈ ಡಿಸ್ಕು ಒಂದಲ್ಲ ಒಂದು ದಿನ ಕುಸಿದು ಕೂರುತ್ತದೆ, ಅವತ್ತು ನನ್ನ ಕೈಯಲ್ಲಿ ಸಾಕ್ಷಿ ಇರಬೇಕು ಎಂದುಕೊಂಡ. ಡಿಸ್ಕಿನ ಮೇಲೆ ನಿಗಾ ಇಡುವ ಒಂದು ಪ್ರೋಗ್ರಾಮನ್ನು ಯಾರಿಗೂ ಹೇಳದೆ ಹಾಕಿದ. ಅದಕ್ಕೆ ಕಾವಲುಗಾರ ಎಂದು ಹೆಸರನ್ನೂ ಇಟ್ಟ.

ಡಿಸ್ಕಿನ ಸಂಗತಿ ಬಲು ಸರಳ. ಒಂದೇ ನಲ್ಲಿ, ಹತ್ತು ಕೊಡ. ಒಬ್ಬರು ತುಂಬಿಸುವಾಗ ಉಳಿದವರು ಸಾಲಿನಲ್ಲಿ ನಿಲ್ಲಬೇಕು. ಸಾಲು ಎಷ್ಟುದ್ದ, ಯಾರು ಎಷ್ಟು ಹೊತ್ತು ಕಾದರು, ನಲ್ಲಿ ಸುಮ್ಮನೆ ಇದ್ದದ್ದೆಷ್ಟು, ಸುರಿದದ್ದೆಷ್ಟು, ಇವಿಷ್ಟನ್ನು ನೋಡಿದರೆ ಅಡಚಣೆ ಎಲ್ಲಿದೆ ಎಂದು ತಿಳಿಯುತ್ತದೆ. ತಿಳಿದವರು ಆಗೊಮ್ಮೆ ಈಗೊಮ್ಮೆ ಇಣುಕಿ ನೋಡುತ್ತಾರೆ. ನಮ್ಮ ಅಳಿಯನಿಗೆ ಅಷ್ಟು ಸಾಲದು. ಡಿಸ್ಕು ಒಂದಕ್ಷರ ಓದಿದರೂ ಒಂದಕ್ಷರ ಬರೆದರೂ ಬಿಡದೆ ಬರೆದಿಡು ಎಂದು ಕಾವಲುಗಾರನಿಗೆ ಹೇಳಿದ. ಎಲ್ಲಿ ಬರೆದಿಡಬೇಕು? ಅದೇ ಡಿಸ್ಕಿನ ಮೇಲೆ. ಸಾಕ್ಷಿ ಕಳ್ಳನ ಮನೆಯಲ್ಲೇ ಇರಲಿ ಎಂಬ ಉಪಾಯ ಅವನದು. ಕೊನೆಯಲ್ಲಿ ಪ್ರೋಗ್ರಾಮು ಒಂದು ಪ್ರಶ್ನೆ ಕೇಳಿತು: ನನ್ನ ಕೆಲಸವನ್ನೂ ತೆರೆಯ ಮೇಲೆ ತೋರಿಸಲೇ? ಕಾವಲುಗಾರನನ್ನು ಯಾರಾದರೂ ಕಳ್ಳರ ಜೊತೆ ಎಣಿಸುತ್ತಾರೆಯೇ? ಬೇಡ ಎಂದು ಒತ್ತಿ, ಕೈ ಉಜ್ಜಿಕೊಂಡು ಮನೆಗೆ ಹೋದ.

ಅದೇ ವಾರ ಅತ್ತೆಗೆ ಹೊಸ ಹಲ್ಲಿನ ಸೆಟ್ಟು ಬಂತು.

ಹಳೆಯ ಹಲ್ಲುಗಳು ಒಂದೊಂದಾಗಿ ಕೈಕೊಟ್ಟು, ಹಲ್ಲಿನ ಡಾಕ್ಟರು ಉಳಿದವನ್ನೂ ಕಿತ್ತು, ಮೇಲೂ ಕೆಳಗೂ ಮುತ್ತು ಪೋಣಿಸಿದಂಥ ಸೆಟ್ಟು ಕಟ್ಟಿಸಿಕೊಟ್ಟಿದ್ದರು. ಅತ್ತೆಗೆ ಹುರಿದ ಕಡಲೆಕಾಯಿ ಎಂದರೆ ಪ್ರಾಣ. ಸೆಟ್ಟು ಬಂದ ದಿನವೇ ಒಂದು ಬಟ್ಟಲು ಕಡಲೆಕಾಯಿಯನ್ನು ಮಗಳ ಮುಂದೆ ಕಟಕಟನೆ ಅಗಿದು ತೋರಿಸಿದರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಕಟ್ಟಿದವನನ್ನು ಈಗ ಕರೆಯಿರಿ ಎಂದು ನಕ್ಕರು. ಬಾಯಿ ತುಂಬ ನಕ್ಕರು.

ಮುಂದಿನ ವಾರ ಧ್ವನಿಯನ್ನು ಕತ್ತರಿಸಿ ಜೋಡಿಸುವ ಕತ್ತರಿ ಒಂದನೇ ಕೋಣೆಯ ಬಾಗಿಲಿಗೆ ಬಂದಳು. ಕತ್ತರಿ ಎಂದರೆ ಆ ಕೆಲಸದ ಹೆಂಗಸು. ಅವಳ ನಾಲಿಗೆಯೂ ಅಷ್ಟೇ ಹರಿತ, ಹಾಗಾಗಿ ಆ ಹೆಸರು ಎರಡು ಕಡೆಯಿಂದಲೂ ಒಪ್ಪುತ್ತಿತ್ತು. ಅವತ್ತು ಮಾತ್ರ ಅವಳು ಮೆಲ್ಲಗೆ ಮಾತಾಡಿದಳು. ಅತ್ತೆ, ಅಧ್ಯಾಯದ ಮಧ್ಯೆ ಅಲ್ಲಲ್ಲಿ ಅಕ್ಷರ ನುಂಗಿಹೋಗಿದೆ ಎಂದಳು. ಅತ್ತೆ ನಂಬಲಿಲ್ಲ. ಹಾಕಿ ಕೇಳಿಸಿದಳು. ರಾಜ ಕುದುರೆ ಹತ್ತಿದನೆಂದು ಅತ್ತೆ ಓದಿದ್ದರು. ಕೇಳಿದರೆ ಕುದುರೆ ಅರ್ಧ ಇದೆ, ರಾಜ ಎಲ್ಲಿಗೆ ಹತ್ತಿದನೋ ದೇವರೇ ಬಲ್ಲ. ಅತ್ತೆಯ ಕೈ ತಾನಾಗಿ ಬಾಯಿಗೆ ಹೋಯಿತು.

ಅಲ್ಲಿಂದ ಶುರುವಾಯಿತು ನೋಡಿ. ಉಳಿದವರು ಓದಿದ್ದೆಲ್ಲ ಸರಿಯಾಗಿಯೇ ಇತ್ತು. ಮೈಕು ಬದಲಿಸಿದರು, ವೈರು ಬದಲಿಸಿದರು, ಕುರ್ಚಿಯನ್ನೂ ಬದಲಿಸಿದರು. ತೂತು ಮಾತ್ರ ಅತ್ತೆಯ ಓದಿನಲ್ಲೇ. ಮತ್ತೇನು ಉಳಿಯಿತು? ಹೊಸ ಹಲ್ಲು. ಆಮೇಲೆ ಸ್ಟುಡಿಯೋದಲ್ಲಿ ಹಲ್ಲಿನ ವಿಷಯದಲ್ಲಿ ಪಂಡಿತನಲ್ಲದವನು ಒಬ್ಬನೂ ಇರಲಿಲ್ಲ. ಮೇಲಿನದು ಸಡಿಲ ಎಂದು ಒಬ್ಬರು, ಕೆಳಗಿನದು ಬಿಗಿ ಎಂದು ಇನ್ನೊಬ್ಬರು. ಕೆಳಗಿನ ಚಪ್ಪಲಿ ಅಂಗಡಿಯವನು ತನ್ನಲ್ಲಿರುವ ಅಂಟು ಬಹಳ ಗಟ್ಟಿ, ಒಮ್ಮೆ ಹಚ್ಚಿ ನೋಡಿ ಎಂದು ಡಬ್ಬಿಯನ್ನೇ ಹಿಡಿದು ಮೆಟ್ಟಿಲು ಹತ್ತಿದ. ಹಲ್ಲಿನ ಡಾಕ್ಟರು ಅಲ್ಲಿ ಉಜ್ಜಿದರು, ಇಲ್ಲಿ ತಿದ್ದಿದರು, ಕೊನೆಗೆ ತಮ್ಮ ಕೆಲಸದಲ್ಲಿ ಈವರೆಗೆ ಯಾರೂ ಅಕ್ಷರದ ತಕರಾರು ತಂದಿಲ್ಲ ಎಂದು ಮುಖ ಊದಿಸಿಕೊಂಡರು.

ಅತ್ತೆಗೆ ಇದು ಬರೀ ತಕರಾರಾಗಿರಲಿಲ್ಲ. ಯಜಮಾನರು ಒಂದು ದೊಡ್ಡ ಕಾದಂಬರಿಯ ಹಕ್ಕು ತಂದಿದ್ದರು, ದಿಂಬಿನಷ್ಟು ದಪ್ಪದ್ದು. ಅದನ್ನು ಓದಬೇಕೆಂಬುದು ಅತ್ತೆಯ ಎಷ್ಟೋ ವರ್ಷದ ಆಸೆ. ಹರೆಯದಲ್ಲಿ ಗಂಡನಿಗೆ ಅದನ್ನೇ ರಾತ್ರಿಯೆಲ್ಲ ಓದಿ ಹೇಳಿದ್ದರಂತೆ, ಕೊನೆಯ ಅಧ್ಯಾಯ ಉಳಿದಿರುವಾಗಲೇ ಆತ ಹೋಗಿಬಿಟ್ಟನಂತೆ. ಈ ಪುಸ್ತಕ ನನಗೇ ಕೊಡಿ ಎಂದು ಅವರು ಯಜಮಾನರ ಹತ್ತಿರ ಜೀವಮಾನದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದ್ದರು. ಯಜಮಾನರು ಹೂಂ ಎಂದಿದ್ದರು. ಈಗ ಅವರು ಹೂಂ ಎನ್ನುತ್ತಿರಲಿಲ್ಲ, ಊಹೂಂ ಎಂದೂ ಹೇಳುತ್ತಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿ, ಎರಡನೇ ಕೋಣೆಯಲ್ಲಿ ಒಬ್ಬ ಜೇನುದನಿಯ ಹುಡುಗಿಯಿಂದ ಅದೇ ಕಾದಂಬರಿಯ ಒಂದು ಪುಟ ಓದಿಸಿ ನೋಡಿದರು. ಆ ಹುಡುಗಿ ವಾಕ್ಯಕ್ಕೊಮ್ಮೆ ನೀರು ಕುಡಿಯುತ್ತಿದ್ದಳು. ಆದರೆ ತೂತಿರಲಿಲ್ಲ.

ಅಳಿಯನಿಗೆ ಸಂಕಟವಾಯಿತು. ಸುಳ್ಳೇಕೆ, ಒಳಗೊಳಗೆ ಸ್ವಲ್ಪ ಖುಷಿಯೂ ಆಯಿತು. ಕಾವಲುಗಾರನ ತೆರೆ ತೆಗೆದು ನೋಡಿದರೆ ಸಾಲು ಬೀದಿಯವರೆಗೆ ನಿಂತಿದೆ. ಒಂದೊಂದು ಬರಹವೂ ಯುಗದಷ್ಟು ಕಾಯುತ್ತಿದೆ. ಕಳ್ಳ ಸಿಕ್ಕಿದ ಎಂದುಕೊಂಡು ಯಜಮಾನರ ಬಳಿ ಓಡಿದ. ತಪ್ಪು ಅತ್ತೆಯ ಹಲ್ಲಿನದಲ್ಲ, ನಿಮ್ಮ ಭಾವಮೈದನ ಡಿಸ್ಕಿನದು ಎಂದ. ಯಜಮಾನರು ಚಹಾ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು.

"ಡಿಸ್ಕು ಕೆಟ್ಟಿದ್ರೆ ಎಲ್ಲರದ್ದೂ ಕೆಡ್ಬೇಕಲ್ಲಪ್ಪ. ನಿಮ್ಮ ಅತ್ತೆದು ಮಾತ್ರ ಯಾಕೆ ಕೆಡುತ್ತೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಅಳಿಯ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಗೂಡಿಗೆ ಮರಳಿದ. ಸಾಕ್ಷಿ ಸಾಲದು, ಅಷ್ಟೇ ತಾನೇ? ಕಾವಲುಗಾರನಿಗೆ ಇನ್ನಷ್ಟು ಕಣ್ಣು ಕೊಟ್ಟ. ಬರೀ ಎಷ್ಟು ಬರೆದರು ಎಂದಲ್ಲ, ಯಾವಾಗ, ಎಲ್ಲಿ, ಯಾರ ಹಿಂದೆ ನಿಂತು ಎಂದೆಲ್ಲ ಬರೆಯಲು ಹೇಳಿದ. ಮರುದಿನ ಅತ್ತೆಯ ಓದಿನಲ್ಲಿ ತೂತು ದುಪ್ಪಟ್ಟಾಯಿತು. ಅವನು ಹಲ್ಲು ಕಡಿದು, ಡಿಸ್ಕಿಗೆ ನಾಲ್ಕು ಬೈದು, ಕಾವಲನ್ನು ಮತ್ತೆ ಬಿಗಿ ಮಾಡಿದ. ತೂತು ಮತ್ತೆ ಹೆಚ್ಚಾಯಿತು. ಹೀಗೆ ಅಳಿಯ ಅತ್ತೆಗೆ ಉಪಕಾರ ಮಾಡುತ್ತ ಹೋದಷ್ಟೂ ಅತ್ತೆಯ ಗ್ರಹಚಾರ ಏರುತ್ತ ಹೋಯಿತು.

ಕೊನೆಗೆ ಯಜಮಾನರು ದಿನ ಗೊತ್ತು ಮಾಡಿದರು. ನಾಳೆ ಒಂದು ಅಧ್ಯಾಯ ಓದಿ, ತೂತಿಲ್ಲದೆ ಬಂದರೆ ಕಾದಂಬರಿ ನಿಮ್ಮದು, ಬರದಿದ್ದರೆ ಬೇಸರ ಮಾಡಿಕೊಳ್ಳಬೇಡಿ ಎಂದರು. ಅತ್ತೆ ಆ ದಿನ ಮನೆಯಲ್ಲಿ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಎರಡು ಕೆಲಸ ಒಟ್ಟಿಗೆ ನಡೆದವು. ಅತ್ತೆ ಒಂದನೇ ಕೋಣೆಯ ಬಾಗಿಲು ಹಾಕಿಕೊಂಡು, ಗೋಡೆಗೆ ತಿರುಗಿ, ಸೆಟ್ಟನ್ನು ಬಾಯಿಂದ ತೆಗೆದು ಕರವಸ್ತ್ರದಲ್ಲಿ ಕಟ್ಟಿ ಚೀಲಕ್ಕೆ ಹಾಕಿದರು. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಯಾರಿಗೂ ಕೇಳದ ಹಾಗೆ, ಬರೀ ಒಸಡಿನ ಮೇಲೆ ನಾಲಿಗೆ ಎಲ್ಲಿ ಇಟ್ಟರೆ ಯಾವ ಅಕ್ಷರ ಸ್ಪಷ್ಟ ಬರುತ್ತದೆ ಎಂದು ಅವರು ದಿನಗಟ್ಟಲೆ ಕಲಿತಿದ್ದರು. ಇತ್ತ ಗೂಡಿನ ಹತ್ತಿರ ಅಳಿಯ ಕಾವಲುಗಾರನನ್ನು ನಿಲ್ಲಿಸಿದ. ಬರೆದಿಟ್ಟದ್ದು ಆನೆಯ ಗಾತ್ರ ಆಗಿತ್ತು. ನಿಲ್ಲಿಸದೆ ಅದನ್ನು ತೆರೆಯಲು ಆಗುತ್ತಿರಲಿಲ್ಲ. ಇವತ್ತು ಯಜಮಾನರ ಮುಂದೆ ಇದನ್ನು ಹರಡಿ, ಭಾವಮೈದನ ಡಿಸ್ಕಿನ ಮಾನ ಹರಾಜು ಹಾಕಿ, ಅತ್ತೆಯ ಮಾನ ಉಳಿಸುತ್ತೇನೆ ಎಂದು ತೋಳೇರಿಸಿ ಕೂತ.

ಅವನು ತೆರೆಯ ಮೇಲೆ ನಿನ್ನೆಯವರೆಗಿನ ಲೆಕ್ಕ ನೋಡಿದ. ಡಿಸ್ಕಿನ ಹೊರೆ ತುದಿ ಮುಟ್ಟಿತ್ತು. ಯಾವ ಪ್ರೋಗ್ರಾಮು ಎಷ್ಟು ಹೊರಿಸಿದೆ ಎಂದು ತೋರಿಸುವ ಬಣ್ಣದ ಗೀಟುಗಳು ಅದರ ಕೆಳಗೆ. ಅವನ್ನೆಲ್ಲ ಕೂಡಿಸಿದ. ಕಾಲು ಭಾಗವೂ ಆಗಲಿಲ್ಲ. ಮತ್ತೆ ಕೂಡಿಸಿದ. ಉಳಿದ ಮುಕ್ಕಾಲು ಪಾಲು ಹೊರೆ ಯಾರದು? ಕಾಣದ ಯಾರೋ ನಲ್ಲಿಯ ಮುಂದೆ ಹಂಡೆ ಇಟ್ಟುಕೊಂಡು ಕೂತಿದ್ದಾರೆ. ಎಂದೋ 'ಬೇಡ' ಎಂದು ಒತ್ತಿದ್ದ ಗುಂಡಿ ನೆನಪಾಯಿತು. ಈಗ 'ತೋರಿಸು' ಎಂದು ಒತ್ತಿದ.

ತೆರೆಯ ಈ ತುದಿಯಿಂದ ಆ ತುದಿಯವರೆಗೆ ಒಂದು ಕೆಂಪು ಗೀಟು ಎದ್ದು ಕೂತಿತು. ಕಾವಲುಗಾರ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಡಿಸ್ಕು ಬರೆದದ್ದನ್ನೆಲ್ಲ ಬರೆದಿಡು ಎಂದು ಅವನು ಹೇಳಿದ್ದನಲ್ಲ, ಕಾವಲುಗಾರ ಬರೆದದ್ದೂ ಡಿಸ್ಕಿನ ಮೇಲಿನ ಬರಹವೇ. ಆದ್ದರಿಂದ 'ಬರೆದೆ' ಎಂದು ಬರೆಯುತ್ತಿತ್ತು, ಆಮೇಲೆ "'ಬರೆದೆ' ಎಂದು ಬರೆದೆ" ಎಂದು ಬರೆಯುತ್ತಿತ್ತು, ಆಮೇಲೆ ಅದನ್ನೂ ಬರೆಯುತ್ತಿತ್ತು. ಪಾಪ, ಹೇಳಿದ ಕೆಲಸವನ್ನು ಅದು ಪ್ರಾಮಾಣಿಕವಾಗಿ ಮಾಡಿತ್ತು. ಅತ್ತೆಯದು ಮಾತ್ರ ಕೆಟ್ಟದ್ದು ಯಾಕೆ ಎಂಬುದಕ್ಕೂ ಈಗ ಉತ್ತರ ಸಿಕ್ಕಿತು. ಬೇರೆಯವರ ಒಂದೊಂದು ವಾಕ್ಯ ಕಂಪ್ಯೂಟರಿನ ನೆನಪಿನಲ್ಲೇ ಕೂತು, ಅವರು ನೀರು ಕುಡಿಯುವ ಹೊತ್ತಿಗೆ ಮೆಲ್ಲಗೆ ಡಿಸ್ಕಿಗೆ ಇಳಿಯುತ್ತಿತ್ತು. ಅತ್ತೆ ನಿಲ್ಲುತ್ತಿರಲಿಲ್ಲ. ಅವರ ಓದು ಹೊಳೆಯ ಹಾಗೆ ಬರುತ್ತಿತ್ತು, ನಲ್ಲಿಗೆ ಬಾಯಿಟ್ಟು ಕಾವಲುಗಾರ ಕೂತಿದ್ದ, ಹಿಡಿಯಲಾಗದ ಅಕ್ಷರಗಳು ನೆಲಕ್ಕೆ ಚೆಲ್ಲಿಹೋಗುತ್ತಿದ್ದವು. ಯಾವುದು ಅವರ ಹೆಮ್ಮೆಯಾಗಿತ್ತೋ ಅದಕ್ಕೇ ಪೆಟ್ಟು ಬಿದ್ದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದರು.

ಹೇಳಿಬಿಡುತ್ತೇನೆ ಎಂದು ಅವನು ಎದ್ದ. ನಿಜವಾಗಿ ಎದ್ದ. ಓಣಿಗೆ ಬಂದರೆ ಅಲ್ಲಿ ಚಪ್ಪಾಳೆ. ಒಂದನೇ ಕೋಣೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಾರೆ, ಕೆನ್ನೆ ಒಳಗೆ ಹೋಗಿದೆ, ಕಣ್ಣಲ್ಲಿ ನೀರು. ಅಧ್ಯಾಯ ಪೂರ್ತಿ ಒಂದು ತೂತಿಲ್ಲದೆ ಬಂದಿದೆ. ಅವರು ಕರವಸ್ತ್ರ ಬಿಚ್ಚಿ ಸೆಟ್ಟು ತೋರಿಸಿದರು. ಹಲ್ಲೇ ಕಳ್ಳ, ನಾನು ಮೊದಲೇ ಅಂದಿರಲಿಲ್ವೆ ಎಂದರು ಯಜಮಾನರು. ಗ್ರಹಚಾರಕ್ಕೆ ಭಾವಮೈದನೂ ಅವತ್ತೇ ಬಂದಿದ್ದ, ಕೈಯಲ್ಲಿ ಬಿಸ್ಕತ್ತು ಹಿಡಿದು ನಿಂತಿದ್ದ. ನನ್ನ ಡಿಸ್ಕಿನ ಮೇಲೆ ಕೆಲವರಿಗೆ ಅನುಮಾನ ಇತ್ತಂತೆ ಎಂದು ಅಳಿಯನ ಅದೇ ಭುಜವನ್ನು ಮತ್ತೊಮ್ಮೆ ತಟ್ಟಿದ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಕೊಂಬೆ ಕಡಿದವನು ಬಾಯಿ ತೆರೆದ, ಬಿಸ್ಕತ್ತು ನೋಡಿದ, ಬಾಯಿ ಮುಚ್ಚಿದ.

ನಾಳೆ ಹೇಳಿದರಾಯಿತು ಎಂದುಕೊಂಡ. ಆ ನಾಳೆ ಬರಲೇ ಇಲ್ಲ.

ಕಾವಲುಗಾರನನ್ನು ಅವನು ಮತ್ತೆ ಎಬ್ಬಿಸಲಿಲ್ಲ, ಹಾಗಾಗಿ ಅತ್ತೆಯ ಓದು ದಿನದಿನವೂ ಚೊಕ್ಕ ಬಂತು, ಚೊಕ್ಕ ಬಂದಷ್ಟೂ ಹಲ್ಲಿನ ಅಪರಾಧ ಗಟ್ಟಿಯಾಯಿತು. ಕಾದಂಬರಿ ಅತ್ತೆಗೆ ಸಿಕ್ಕಿತು. ಸೆಟ್ಟು ಡಬ್ಬಿಯೊಳಗೆ ಹೋಯಿತು. ಮನೆಯಲ್ಲೂ ಅವರು ಹಾಕಿಕೊಳ್ಳುತ್ತಿರಲಿಲ್ಲ. ಹಾಕಿಕೊಂಡರೆ ನಾಲಿಗೆಗೆ ಕಲಿತದ್ದು ಮರೆತುಹೋಗುತ್ತದೆ ಎಂಬ ಭಯ. ಹೀಗೇ ಬಿಟ್ಟರೆ ಒಸಡು ಸವೆದು ಸೆಟ್ಟು ಇನ್ನೆಂದೂ ಕೂರುವುದಿಲ್ಲ ಎಂದು ಹಲ್ಲಿನ ಡಾಕ್ಟರು ಫೋನಿನಲ್ಲಿ ಎಚ್ಚರಿಸಿದರು. ಹೆಂಡತಿ ಅದನ್ನು ಗಂಡನಿಗೆ ಹೇಳಿ, ನೀವಾದರೂ ಅಮ್ಮನಿಗೆ ಬುದ್ಧಿ ಹೇಳಿ ಎಂದಳು. ಅವನಿಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಊಟಕ್ಕೆ ಕೂತರೆ ಎದುರಿಗೆ ಅತ್ತೆ ಗಂಜಿ ಕುಡಿಯುತ್ತಿದ್ದರು. ಯಾರಾದರೂ ಹಾಸ್ಯ ಮಾಡಿದರೆ ಮೊದಲು ಕೈ ಬಾಯಿಗೆ ಹೋಗುತ್ತಿತ್ತು, ಆಮೇಲೆ ನಗು. ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ, ಮನೆಯಲ್ಲಿ ಹಪ್ಪಳ ಕರಿದರೆ ಸದ್ದಾಗದಂತೆ ನೆನೆಸಿ ತಿನ್ನುತ್ತಿದ್ದ.

ಒಂದು ರಜೆಯ ಮಧ್ಯಾಹ್ನ ಹೆಂಡತಿ ಹೊರಗೆ ಹೋಗಿದ್ದಳು. ಅವನು ನೀರು ಕುಡಿಯಲೆಂದು ಅಡುಗೆಮನೆಗೆ ಹೋದ. ಅತ್ತೆ ನೆಲದ ಮೇಲೆ ಕೂತು ಸಣ್ಣ ಕುಟ್ಟಾಣಿಯಲ್ಲಿ ಏನನ್ನೋ ಕುಟ್ಟುತ್ತಿದ್ದರು. ಕಡಲೆಕಾಯಿ. ಹುರಿದ ಕಡಲೆಕಾಯಿಯನ್ನು ಪುಡಿ ಮಾಡಿ, ಪುಡಿಯನ್ನು ಬೆರಳಲ್ಲಿ ಅದ್ದಿ ಬಾಯಿಗಿಟ್ಟುಕೊಳ್ಳುತ್ತಿದ್ದರು. ಅವನನ್ನು ಕಂಡು ಕಳ್ಳತನ ಮಾಡುವಾಗ ಸಿಕ್ಕಿಬಿದ್ದವರಂತೆ ನಾಚಿಕೊಂಡರು.

"ಬನ್ನಿ ಅಳಿಯಂದ್ರೇ," ಎಂದರು. "ನಿಮ್ಮ ಡಿಸ್ಕು ಈಗ ಸರಿ ಇದೆಯಾ? ನನ್ನ ಹಲ್ಲಿನ ತಪ್ಪಿಗೆ ನೀವು ಪಾಪ ಅದರ ಜೊತೆ ಎಷ್ಟು ಗುದ್ದಾಡಿದ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಹಂಗಿಸಿದ್ದರೂ ತಡೆದುಕೊಳ್ಳುತ್ತಿದ್ದ. ಈ ಪಾಪ ಎಂಬ ಮಾತು ಮಾತ್ರ ತಡೆಯಲಾಗಲಿಲ್ಲ. ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಕಾವಲುಗಾರ, ಬೇಡ ಎಂದು ಒತ್ತಿದ ಗುಂಡಿ, ಕೆಂಪು ಗೀಟು, ಬಿಸ್ಕತ್ತು, ಒಂದನ್ನೂ ಬಿಡದೆ ಹೇಳಿದ. ಹೇಳುವಷ್ಟು ಹೊತ್ತೂ ಕುಟ್ಟಾಣಿಯನ್ನೇ ನೋಡುತ್ತಿದ್ದ.

"ಹಾಗಾದ್ರೆ ನನ್ನ ಹಲ್ಲು ಏನೂ ತಪ್ಪು ಮಾಡಿಲ್ಲ," ಎಂದರು ಅತ್ತೆ.

"ಇಲ್ಲ ಅತ್ತೆ."

"ನನ್ನ ಗಂಟಲೂ?"

"ಇಲ್ಲ. ನೀವು ನಿಲ್ಲಿಸದೆ ಓದ್ತೀರಲ್ಲ, ಅದನ್ನ ಹಿಡಿಯೋ ಯೋಗ್ಯತೆ ನಾನು ಆ ಡಿಸ್ಕಿಗೆ ಉಳಿಸಿರಲಿಲ್ಲ."

ಅತ್ತೆಗೆ ಸಿಟ್ಟು ಬಂದಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಅವತ್ತಿನಿಂದ ನಾನು ಕನ್ನಡಿ ನೋಡಿಕೊಂಡಿಲ್ಲ ಎಂದಷ್ಟೇ ಹೇಳಿ ಮತ್ತೆ ಕುಟ್ಟತೊಡಗಿದರು. ಕಡಲೆಕಾಯಿ ಆಗಲೇ ಹಿಟ್ಟಾಗಿತ್ತು, ಆದರೂ ಕುಟ್ಟಿದರು. ಕೊನೆಗೆ ಕೈ ಒರೆಸಿಕೊಂಡು, ನಾಳೆ ಎಲ್ಲರ ಮುಂದೆ ಇದನ್ನೇ ಹೇಳಿ ಎಂದು ಎದ್ದುಹೋದರು.

ಮರುದಿನ ಅವನು ಯಜಮಾನರ ಕೋಣೆಯಲ್ಲಿ ನಿಂತು ಹೇಳಿದ. ಕತ್ತರಿಯೂ ಇದ್ದಳು, ಕರೆಸಿಕೊಂಡ ಭಾವಮೈದನೂ ಇದ್ದ. ಅಳಿಯ ಮುಗಿಸುತ್ತಿದ್ದ ಹಾಗೇ ಯಜಮಾನರ ಕಣ್ಣು ಒದ್ದೆಯಾಯಿತು. ಅಳಿಯ ಎಂದರೆ ಹೀಗಿರಬೇಕು, ಅತ್ತೆಯ ಹಲ್ಲಿನ ಮಾನ ಉಳಿಸಲು ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಾನೆ, ನಮ್ಮ ಮನೆಗೂ ಇಂಥ ಒಬ್ಬ ಸಿಕ್ಕಬಾರದಿತ್ತೇ ಎಂದು ಎದ್ದು ಬಂದು ಅವನನ್ನು ತಬ್ಬಿಕೊಂಡರು. ಅಲ್ಲ, ನಿಜವಾಗಿಯೂ ನಾನೇ ಎಂದು ಅವನು ಗೋಗರೆದ. ಅವನು ಗೋಗರೆದಷ್ಟೂ ಅವರು ಬಿಗಿಯಾಗಿ ತಬ್ಬಿದರು. ಭಾವಮೈದನೂ ಬಂದು ಮೂರನೆಯ ಸಲ ಭುಜ ತಟ್ಟಿದ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸಾಕು ಬಿಡಿ ಯಜಮಾನ್ರೇ ಎಂದು, ಅಳಿಯನಿಗೆ ಕಾವಲುಗಾರನನ್ನು ಎಬ್ಬಿಸಿ ಬರಲು ಹೇಳಿದರು. ಬಂದವನನ್ನು ಒಂದನೇ ಕೋಣೆಗೆ ಕರೆದೊಯ್ದು ತಮ್ಮ ಕುರ್ಚಿಯಲ್ಲಿ ಕೂರಿಸಿ, ಕಾದಂಬರಿ ಕೈಗೆ ಕೊಟ್ಟು, ನಿಲ್ಲಿಸದೆ ಓದಿ ಎಂದರು. ಅವನು ಓದಿದ. ಬೆವರುತ್ತ, ತೊದಲದೆ, ಒಂದೇ ಸಮನೆ, ಕತ್ತರಿ ಗಾಜಿನಾಚೆಯಿಂದ ಸಾಕು ಎಂದು ಕೈ ತೋರಿಸುವ ತನಕ ಓದಿದ. ಆಮೇಲೆ ಅವಳು ಹಾಕಿ ಕೇಳಿಸಿದಳು. ಜರಡಿಯಲ್ಲಿ ನೀರು ಹಿಡಿದ ಹಾಗಿತ್ತು. ನಾಯಕಿ ಅರ್ಧ ಅತ್ತಿದ್ದಳು, ನಾಯಕ ಬಾಗಿಲು ತೆಗೆದವನು ಒಳಗೆ ಬರದೆ ಊಟಕ್ಕೆ ಕೂತಿದ್ದ.

"ಏನೋ ಅಳಿಯ, ನಿಂಗೂ ಹೊಸ ಸೆಟ್ಟು ಕಟ್ಟಿಸಿದ್ದಾರಾ?" ಎಂದಳು ಕತ್ತರಿ.

ಯಜಮಾನರು ಅವನ ಗಲ್ಲ ಹಿಡಿದು ಬಾಯಿ ತೆರೆಸಿ ನೋಡಿದರು. ಮೂವತ್ತೆರಡೂ ಸ್ವಂತದ್ದು. ಆಗ ಅವರ ಮುಖದ ಮೇಲೆ ಒಂದೊಂದೇ ಸಂಗತಿ ಇಳಿದು ಕೂರತೊಡಗಿತು. ಅಂಟಿನ ಡಬ್ಬಿ, ಡಾಕ್ಟರ ಮುನಿಸು, ಜೇನುದನಿಯ ಹುಡುಗಿ, ಅಡ್ಡಗೋಡೆಯ ಮೇಲಿನ ತಮ್ಮ ದೀಪ, ಎಲ್ಲವೂ. ಅವರು ಮೆಲ್ಲಗೆ ಕುರ್ಚಿ ಹುಡುಕಿ ಕೂತರು. ಭಾವಮೈದ ಮಾತ್ರ ಹಿಗ್ಗಿಹೋದ. ಅಳಿಯ ಅವನೆದುರು ನಿಂತು, ನಿಮ್ಮ ಡಿಸ್ಕು ಒಳ್ಳೆಯದೇ ಎಂದು ಒಪ್ಪಿಕೊಳ್ಳಬೇಕಾಯಿತು. ಆ ಮಾತು ಗಂಟಲಿನಿಂದ ಹೊರಬರಲು ಅವನ ಜೀವವೇ ಹೋಗಿಬಂತು.

ಕಾವಲುಗಾರನನ್ನು ಅವನು ಈ ಸಲ ನಿಲ್ಲಿಸಲಿಲ್ಲ, ಬೇರುಸಹಿತ ಕಿತ್ತುಹಾಕಿದ. ಅತ್ತೆ ಚೀಲದಿಂದ ಡಬ್ಬಿ ತೆಗೆದು ಗೋಡೆಗೆ ತಿರುಗಿದರು. ಸೆಟ್ಟು ಸುಲಭಕ್ಕೆ ಕೂರಲಿಲ್ಲ. ಒಸಡು ಅದನ್ನು ಮರೆಯತೊಡಗಿತ್ತು. ಒತ್ತಿದರು, ತೆಗೆದರು, ಮತ್ತೆ ಒತ್ತಿದರು. ಗಾಜಿನಾಚೆ ನಿಂತ ಅಳಿಯ ಅವರ ಬೆನ್ನು ನೋಡುತ್ತ, ಕೂರಲಿ, ಕೂರಲಿ ಎಂದು ತನಗೆ ಗೊತ್ತಿದ್ದ ದೇವರನ್ನೆಲ್ಲ ಬೇಡಿಕೊಂಡ. ಇನ್ನೆಂದೂ ಯಾರಿಗೂ 'ನಾನು ಆವತ್ತೇ ಹೇಳಿರಲಿಲ್ವಾ' ಅನ್ನುವುದಿಲ್ಲ ಎಂದು ಹರಕೆಯನ್ನೂ ಹೊತ್ತ. ಕಟಕ್ ಎಂದು ಸಣ್ಣ ಸದ್ದಾಯಿತು. ಅತ್ತೆ ತಿರುಗಿದರು. ಕಣ್ಣಲ್ಲಿ ನೋವಿನ ನೀರಿತ್ತು, ಕೆನ್ನೆ ತುಂಬಿತ್ತು.

ಕೆಂಪು ದೀಪ ಹತ್ತಿತು. ಅವರು ಕಾದಂಬರಿಯನ್ನು ಮೊದಲಿನಿಂದ ಶುರು ಮಾಡಿದರು. ಅಧ್ಯಾಯ ಮುಗಿದು ಕತ್ತರಿ ಹಾಕಿ ಕೇಳಿಸಿದಾಗ ಒಂದು ಅಕ್ಷರವೂ ಚೆಲ್ಲಿರಲಿಲ್ಲ. ಗಂಡನಿಗೆ ಓದಿ ಹೇಳುತ್ತಿದ್ದ ಪುಟಗಳು ಇದ್ದ ಹಾಗೇ ಇದ್ದವು, ಹಲ್ಲಿನ ಸಮೇತ.

ಆ ಕೋಣೆಯಲ್ಲಿ ತಿನ್ನುವಂತಿಲ್ಲ, ಅದು ಯಜಮಾನರದೇ ಕಟ್ಟಪ್ಪಣೆ. ಒಮ್ಮೆ ಪೆಪ್ಪರ್‌ಮೆಂಟು ಚೀಪಿದವನನ್ನು ಮೆಟ್ಟಿಲವರೆಗೆ ಅಟ್ಟಿಸಿಕೊಂಡು ಹೋಗಿದ್ದರು. ಅತ್ತೆ ಚೀಲದಿಂದ ಒಂದು ಪೊಟ್ಟಣ ತೆಗೆದು, ಕಡಲೆಕಾಯಿಯೊಂದನ್ನು ಸುಲಿದು, ಮೈಕಿನ ಹತ್ತಿರಕ್ಕೇ ಬಾಗಿ ಕಟಂ ಎಂದು ಕಡಿದರು. ಗಾಜಿನಾಚೆ ಸದ್ದು ಅಳೆಯುವ ಮುಳ್ಳು ಎಗರಿ ಕೂತಿತು. ಯಜಮಾನರು ಛಾವಣಿ ನೋಡಿದರು. ಅತ್ತೆ ಇನ್ನೊಂದು ಕಡಿದರು, ಮತ್ತೊಂದು ಕಡಿದರು. ಆಮೇಲೆ ಬಾಗಿಲು ತೆಗೆದು, ಅಲ್ಲಿ ತಲೆ ತಗ್ಗಿಸಿ ನಿಂತಿದ್ದ ಅಳಿಯನ ಕೈಹಿಡಿದು ಒಂದು ಮುಷ್ಟಿ ಸುರಿದರು.

"ತಗೋ, ತಿನ್ನು," ಎಂದರು. "ಸುಮ್ನೆ ನೋಡ್ತಾ ನಿಲ್ಲಬೇಡ."